ಮಗುವಿನ ಮೊದಲ ನಿಮಿಷಕ್ಕೆ ಅಂಕ ಕೊಟ್ಟ ವೈದ್ಯೆ: ಡಾ. ವರ್ಜೀನಿಯಾ ಅಪ್ಗಾರ್ ಮತ್ತು ಮೂರ್ಛೆರೋಗವಿರುವ ತಾಯಂದಿರು

ನಿಮ್ಮ ಮಗು ಹುಟ್ಟಿದಾಗಿನ ಆಸ್ಪತ್ರೆ ಫೈಲ್ ಮನೆಯಲ್ಲಿದ್ದರೆ ಒಮ್ಮೆ ತೆಗೆದು ನೋಡಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಹುಟ್ಟಿದ ಸಮಯ, ತೂಕ ಇವುಗಳ ಆಸುಪಾಸಿನಲ್ಲಿ ಅಪ್ಗಾರ್ ಎಂಬ ಪದ ಇರುತ್ತದೆ. ಅದರ ಮುಂದೆ 7 ಮತ್ತು 9 ಎಂದೋ, 8 ಮತ್ತು 9 ಎಂದೋ ಎರಡು ಅಂಕಿಗಳು. ಹೆರಿಗೆ ಪುಣೆಯಲ್ಲಾಗಿರಲಿ, ಚೆನ್ನೈನಲ್ಲಾಗಿರಲಿ, ತವರಿನ ಊರಾದ ಹುಬ್ಬಳ್ಳಿಯಲ್ಲೇ ಆಗಿರಲಿ, ಈ ಪದ ಬದಲಾಗುವುದಿಲ್ಲ. ಇದು ಯಾವುದೋ ರಕ್ತಪರೀಕ್ಷೆಯ ಹೆಸರು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ನಿಜದಲ್ಲಿ ಇದು ಒಬ್ಬ ವೈದ್ಯೆಯ ಹೆಸರು.

ನಿಮಗೆ ಅಥವಾ ನಿಮ್ಮ ಮನೆಯ ಹೆಣ್ಣುಮಗಳಿಗೆ ಮೂರ್ಛೆರೋಗ, ಅಂದರೆ ಫಿಟ್ಸ್ ಇದ್ದರೆ ಈ ವೈದ್ಯೆಯ ಕಥೆ ತಿಳಿದಿರುವುದು ಒಳ್ಳೆಯದು. ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಏನಾಗುತ್ತದೋ, ಬಿಟ್ಟರೆ ತಾಯಿಗೆ ಏನಾಗುತ್ತದೋ ಎಂಬ ಭಯ ಇಂಥ ಮನೆಗಳಲ್ಲಿ ಇದ್ದೇ ಇರುತ್ತದೆ. ಆ ಭಯದಲ್ಲಿ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುವವರೂ ಇದ್ದಾರೆ. ಅಪ್ಗಾರ್ ಮೂರ್ಛೆರೋಗದ ತಜ್ಞೆ ಆಗಿರಲಿಲ್ಲ. ಆದರೆ ಇಂಥ ಪ್ರಶ್ನೆಗೆ ಊಹೆಯಿಂದ ಅಲ್ಲ, ಲೆಕ್ಕದಿಂದ ಉತ್ತರ ಹುಡುಕುವ ದಾರಿಯನ್ನು ಹೆರಿಗೆ ಕೋಣೆಗೆ ತಂದವರಲ್ಲಿ ಅವರು ಪ್ರಮುಖರು.

ಬೆಕ್ಕು ಹಿಡಿದು ಓದಿದ ವಿದ್ಯಾರ್ಥಿನಿ

ವರ್ಜೀನಿಯಾ ಅಪ್ಗಾರ್ ಹುಟ್ಟಿದ್ದು 1909ರ ಜೂನ್ 7ರಂದು, ಅಮೆರಿಕದ ನ್ಯೂಜೆರ್ಸಿ ರಾಜ್ಯದ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ. ಮೂವರು ಮಕ್ಕಳಲ್ಲಿ ಕೊನೆಯವರು. ತಂದೆಗೆ ರೇಡಿಯೊ ಮತ್ತು ಆಕಾಶವೀಕ್ಷಣೆಯ ಹುಚ್ಚು. ಮನೆಯಲ್ಲಿ ಎಲ್ಲರೂ ಸಂಗೀತ ಬಲ್ಲವರು. ವರ್ಜೀನಿಯಾ ಚಿಕ್ಕಂದಿನಿಂದಲೇ ವಯಲಿನ್ ಕಲಿತರು. ಅದೇ ಮನೆಯಲ್ಲಿ ಕಾಯಿಲೆಯೂ ಇತ್ತು. ಒಬ್ಬ ಅಣ್ಣ ಕ್ಷಯರೋಗದಿಂದ ತೀರಿಕೊಂಡರು, ಇನ್ನೊಬ್ಬರು ಬಾಲ್ಯದಲ್ಲಿ ದೀರ್ಘಕಾಲದ ಕಾಯಿಲೆ ಅನುಭವಿಸಿದರು.

ಮೌಂಟ್ ಹೋಲಿಯೋಕ್ ಎಂಬ ಮಹಿಳಾ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಓದಿದರು. ಖರ್ಚಿಗೆ ವಿದ್ಯಾರ್ಥಿವೇತನ ಸಾಲದೆ ಹಲವು ಚಿಕ್ಕಪುಟ್ಟ ಕೆಲಸ ಮಾಡಿದರು. ಪ್ರಯೋಗಾಲಯಕ್ಕೆ ಬೇಕಾದ ಬೀದಿ ಬೆಕ್ಕುಗಳನ್ನು ಹಿಡಿದು ತರುವುದೂ ಅದರಲ್ಲಿ ಒಂದು. 1929ರಲ್ಲಿ ಪದವಿ ಮುಗಿಸಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಸೇರಿದರು. ಕೆಲವೇ ವಾರಗಳಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಸಾಲ ಮಾಡಿ ಓದು ಮುಂದುವರಿಸಿದ ಅವರು 1933ರಲ್ಲಿ ವೈದ್ಯೆಯಾಗಿ ಹೊರಬಂದಾಗ ತಲೆಯ ಮೇಲೆ ಸುಮಾರು 4,000 ಡಾಲರ್ ಸಾಲವಿತ್ತು.

ಶಸ್ತ್ರಚಿಕಿತ್ಸೆಯಿಂದ ಅರಿವಳಿಕೆಗೆ

ಅವರಿಗೆ ಸರ್ಜನ್ ಆಗುವ ಆಸೆ. ಎರಡು ವರ್ಷ ಆ ತರಬೇತಿಯನ್ನು ಚೆನ್ನಾಗಿಯೇ ಮಾಡಿದರು. ಆದರೆ ಅವರ ಗುರು, ಹೆಸರಾಂತ ಸರ್ಜನ್ ಅಲನ್ ವಿಪಲ್, ಬೇರೆ ದಾರಿ ತೋರಿಸಿದರು. ಆ ಆರ್ಥಿಕ ಮುಗ್ಗಟ್ಟಿನಲ್ಲಿ ಮಹಿಳಾ ಸರ್ಜನ್‌ಗಳಿಗೆ ಜೀವನ ಸಾಗಿಸುವುದೇ ಕಷ್ಟವಾಗಿತ್ತು. ಮತ್ತೊಂದು ಕಡೆ, ಅರಿವಳಿಕೆ ಸುಧಾರಿಸದೆ ಶಸ್ತ್ರಚಿಕಿತ್ಸೆ ಮುಂದೆ ಹೋಗದು ಎಂಬುದು ಅವರಿಗೆ ಗೊತ್ತಿತ್ತು. ಆಗ ಅರಿವಳಿಕೆ ಕೊಡುತ್ತಿದ್ದವರು ಹೆಚ್ಚಾಗಿ ನರ್ಸ್‌ಗಳು. ವೈದ್ಯರ ಪಾಲಿಗೆ ಅದಿನ್ನೂ ಹೊಸ ವಿಷಯ.

ಅಪ್ಗಾರ್ ಮೊದಲು ತಮ್ಮ ಆಸ್ಪತ್ರೆಯ ನರ್ಸ್‌ಗಳಿಂದಲೇ ಕಲಿತರು. ನಂತರ ವಿಸ್ಕಾನ್ಸಿನ್‌ನಲ್ಲಿ ರಾಲ್ಫ್ ವಾಟರ್ಸ್ ಅವರ ಬಳಿ, ಆಮೇಲೆ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ತರಬೇತಿ ಪಡೆದರು. 1938ರಲ್ಲಿ ಕೊಲಂಬಿಯಾಕ್ಕೆ ಮರಳಿ ಅಲ್ಲಿನ ಅರಿವಳಿಕೆ ವಿಭಾಗದ ಹೊಣೆ ಹೊತ್ತರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬೆಳೆಸಿದ ಮೇಲೆ, ಸ್ವತಂತ್ರ ವಿಭಾಗದ ಮುಖ್ಯಸ್ಥರ ಸ್ಥಾನ ಒಬ್ಬ ಪುರುಷ ವೈದ್ಯರಿಗೆ ಹೋಯಿತು. ಅಪ್ಗಾರ್ ಅವರಿಗೆ 1949ರಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿತು. ಆ ಕಾಲೇಜಿನಲ್ಲಿ ಪೂರ್ಣ ಪ್ರೊಫೆಸರ್ ಆದ ಮೊದಲ ಮಹಿಳೆ ಅವರು. ಆಡಳಿತದ ಹೊರೆ ಇಳಿದದ್ದರಿಂದ ಹೆರಿಗೆ ಕೋಣೆಯಲ್ಲಿ ಅರಿವಳಿಕೆಯ ಕೆಲಸಕ್ಕೆ ಪೂರ್ತಿ ಸಮಯ ಸಿಕ್ಕಿತು.

ಐದು ಲಕ್ಷಣ, ಹತ್ತು ಅಂಕ

ಆಗಿನ ಹೆರಿಗೆ ಕೋಣೆಯಲ್ಲಿ ಎಲ್ಲರ ಗಮನ ತಾಯಿಯ ಮೇಲೆ. ಮಗುವನ್ನು ಒರೆಸಿ, ಸುತ್ತಿ, ಪಕ್ಕಕ್ಕೆ ಮಲಗಿಸುತ್ತಿದ್ದರು. ಅಳದ, ನೀಲಿಗಟ್ಟಿದ ಮಗುವಿಗೆ ಏನು ಮಾಡಬೇಕು ಎಂಬುದು ಆ ಹೊತ್ತಿನಲ್ಲಿ ಅಲ್ಲಿದ್ದವರ ಅಂದಾಜಿಗೆ ಬಿಟ್ಟ ವಿಷಯ. ಅಮೆರಿಕದಲ್ಲಿ ಒಟ್ಟಾರೆ ಶಿಶುಮರಣ ಇಳಿಯುತ್ತಿದ್ದರೂ ಹುಟ್ಟಿದ ಮೊದಲ 24 ಗಂಟೆಯಲ್ಲಿ ಸಾಯುವ ಕೂಸುಗಳ ಪ್ರಮಾಣ ಅಷ್ಟಾಗಿ ಇಳಿದಿರಲಿಲ್ಲ.

ಒಂದು ಬೆಳಗ್ಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ವಿದ್ಯಾರ್ಥಿಯೊಬ್ಬರು ನವಜಾತ ಶಿಶುವಿನ ಸ್ಥಿತಿಯನ್ನು ಅಳೆಯುವುದು ಹೇಗೆ ಎಂದು ಕೇಳಿದರಂತೆ. ಅಪ್ಗಾರ್ ಕೈಗೆ ಸಿಕ್ಕ ಕಾಗದದ ಮೇಲೆ ಐದು ಅಂಶ ಗೀಚಿ, ಅದನ್ನು ಪರೀಕ್ಷಿಸಲು ಹೆರಿಗೆ ಕೋಣೆಯ ಕಡೆ ಓಡಿದರಂತೆ. ಅವರು ಬರೆದ ಐದು ಅಂಶಗಳು ಇವು:

• ಮಗುವಿನ ಹೃದಯ ನಿಮಿಷಕ್ಕೆ 100ಕ್ಕಿಂತ ಹೆಚ್ಚು ಬಾರಿ ಬಡಿಯುತ್ತಿದೆಯೇ?
• ಉಸಿರಾಟ ಸರಿಯಾಗಿದೆಯೇ, ಮಗು ಅಳುತ್ತಿದೆಯೇ?
• ಕೈಕಾಲು ಮಡಚಿಕೊಂಡು ಆಡಿಸುತ್ತಿದೆಯೇ, ಜೋತುಬಿದ್ದಿವೆಯೇ?
• ಮುಟ್ಟಿದರೆ, ಕೆರಳಿಸಿದರೆ ಮುಖ ಕಿವುಚುತ್ತದೆಯೇ, ಸೀನುತ್ತದೆಯೇ?
• ಮೈಬಣ್ಣ ಹೇಗಿದೆ, ನೀಲಿಗಟ್ಟಿದೆಯೇ?

ಒಂದೊಂದಕ್ಕೂ 0, 1 ಅಥವಾ 2 ಅಂಕ. ಒಟ್ಟು 10. ಮೊದಲು ಒಂದು ನಿಮಿಷಕ್ಕೆ ನೋಡುತ್ತಿದ್ದರು. ಆಮೇಲೆ ಐದನೇ ನಿಮಿಷವೂ ಸೇರಿತು. ನಿಮ್ಮ ಫೈಲಿನಲ್ಲಿರುವ ಎರಡು ಅಂಕಿಗಳು ಅವೇ. ಸಾಮಾನ್ಯವಾಗಿ 7 ಮತ್ತು ಅದಕ್ಕಿಂತ ಹೆಚ್ಚು ಇದ್ದರೆ ಸಮಾಧಾನ. ಹುಟ್ಟಿದ ಹೊಸತರಲ್ಲಿ ಬಹಳಷ್ಟು ಮಕ್ಕಳ ಅಂಗೈ ಅಂಗಾಲು ಸ್ವಲ್ಪ ನೀಲಿಯಾಗಿಯೇ ಇರುವುದರಿಂದ ಪೂರ್ತಿ 10 ಸಿಗುವುದು ಅಪರೂಪ. ಹಾಗಾಗಿ 9 ಬಂದಿತೆಂದು ಬೇಸರ ಬೇಡ.

ಯಾವ ಯಂತ್ರವೂ ಬೇಡದ ಈ ವಿಧಾನವನ್ನು ಅವರು 1952ರಲ್ಲಿ ವೈದ್ಯರ ಸಭೆಯೊಂದರಲ್ಲಿ ಮಂಡಿಸಿದರು, 1953ರಲ್ಲಿ ಪ್ರಕಟಿಸಿದರು. ಹೆರಿಗೆ ಮಾಡಿಸಿದ ವೈದ್ಯರೇ ಅಂಕ ಕೊಡಬಾರದು, ತಮ್ಮ ಕೆಲಸಕ್ಕೆ ತಾವೇ ಹೆಚ್ಚು ಅಂಕ ಹಾಕಿಕೊಳ್ಳುವುದು ಮನುಷ್ಯ ಸಹಜ ಎಂಬುದು ಅವರ ನಿಲುವು. ಅಂಕ ಕೊಡಬೇಕೆಂದರೆ ಯಾರಾದರೂ ಮಗುವಿನ ಮುಂದೆ ನಿಂತು ನೋಡಲೇಬೇಕು. ಈ ವಿಧಾನದ ದೊಡ್ಡ ಲಾಭ ಅದೇ.

ಇಷ್ಟಪಟ್ಟ ಔಷಧವನ್ನೇ ಕೈಬಿಟ್ಟರು

ಅಂಕ ಬರೆಯುವುದಷ್ಟಕ್ಕೇ ಅಪ್ಗಾರ್ ನಿಲ್ಲಲಿಲ್ಲ. ಸ್ಟ್ಯಾನ್ಲಿ ಜೇಮ್ಸ್ ಮತ್ತು ಡಂಕನ್ ಹಾಲಡೇ ಎಂಬ ಸಹೋದ್ಯೋಗಿಗಳ ಜತೆ ನವಜಾತ ಶಿಶುಗಳ ರಕ್ತದಲ್ಲಿನ ಆಮ್ಲಜನಕ, ಆಮ್ಲೀಯತೆ ಅಳೆದು, ಅಂಕಗಳ ಜತೆ ತಾಳೆ ನೋಡಿದರು. ತಾಯಿಗೆ ಯಾವ ಅರಿವಳಿಕೆ ಕೊಟ್ಟಾಗ ಮಗುವಿನ ಸ್ಥಿತಿ ಹೇಗಿತ್ತು ಎಂಬುದನ್ನೂ ಸಾಲಾಗಿ ಬರೆದಿಟ್ಟರು.

ಆಗ ಹೆರಿಗೆಯಲ್ಲಿ ಸೈಕ್ಲೋಪ್ರೊಪೇನ್ ಎಂಬ ಅನಿಲದ ಬಳಕೆ ಇತ್ತು. ಅಪ್ಗಾರ್ ಅವರಿಗೆ ಬಹಳ ಮೆಚ್ಚಿನ ಅರಿವಳಿಕೆ ಅದು. ಆದರೆ ಲೆಕ್ಕ ಬೇರೆಯೇ ಹೇಳಿತು. ಆ ಅನಿಲ ಪಡೆದ ತಾಯಂದಿರ ಮಕ್ಕಳು ಹೆಚ್ಚು ಮಂಕಾಗಿ, ಕಡಿಮೆ ಅಂಕದೊಂದಿಗೆ ಹುಟ್ಟುತ್ತಿದ್ದವು. ಸೊಂಟಕ್ಕೆ ಅರಿವಳಿಕೆ ಪಡೆದವರ ಮಕ್ಕಳು ಹೆಚ್ಚು ಚುರುಕಾಗಿದ್ದವು. ಅಪ್ಗಾರ್ ತಮ್ಮ ಮೆಚ್ಚಿನ ಅನಿಲವನ್ನು ಹೆರಿಗೆಯಲ್ಲಿ ಬಳಸುವುದನ್ನು ಬಿಟ್ಟರು.

ಇಲ್ಲಿ ಒಂದು ಅಂಶ ಗಮನಿಸಿ. ಅವರು ಬಿಟ್ಟದ್ದು ಆ ಒಂದು ಔಷಧವನ್ನು. ತಾಯಿಗೆ ನೋವು ಕಡಿಮೆ ಮಾಡುವುದನ್ನಲ್ಲ. ಮಗುವಿಗಾಗಿ ತಾಯಿ ನೋವು ತಿನ್ನಲಿ ಎನ್ನಲಿಲ್ಲ, ಇಬ್ಬರಿಗೂ ಹೊಂದುವ ಬೇರೆ ವಿಧಾನ ಆರಿಸಿದರು. ಮೂರ್ಛೆರೋಗದ ಮಾತ್ರೆಯ ವಿಷಯದಲ್ಲೂ ನಿಮಗೆ ಬೇಕಾದ ದಾರಿ ಇದೇ. ಅದಕ್ಕೆ ಮುಂದೆ ಬರೋಣ.

ಆ ಕಾಲದ ಮೂರ್ಛೆರೋಗದ ತಾಯಂದಿರು

ಅಪ್ಗಾರ್ ಅಂಕಗಳು ಬಳಕೆಗೆ ಬಂದ ದಿನಗಳಲ್ಲಿ ಮೂರ್ಛೆರೋಗ ಇರುವ ಹೆಣ್ಣಿಗೆ ಸಿಗುತ್ತಿದ್ದ ಮುಖ್ಯ ಔಷಧಗಳು ಎರಡು: 1912ರಿಂದ ಬಳಕೆಯಲ್ಲಿದ್ದ ಫೀನೋಬಾರ್ಬಿಟಾಲ್, 1938ರಿಂದ ಬಂದ ಫೆನಿಟಾಯಿನ್. ಅವು ಮಗುವಿಗೆ ಏನು ಮಾಡುತ್ತವೆ ಎಂದು ಲೆಕ್ಕ ಇಟ್ಟವರು ಕಡಿಮೆ. ತಾಯ್ತನಕ್ಕೂ ಮೊದಲೇ ಕಾನೂನು ಅಡ್ಡ ನಿಲ್ಲುತ್ತಿತ್ತು. 1956ರವರೆಗೂ ಅಮೆರಿಕದ 17 ರಾಜ್ಯಗಳಲ್ಲಿ ಮೂರ್ಛೆರೋಗ ಇರುವವರು ಮದುವೆಯಾಗಲು ಕಾನೂನಿನ ನಿಷೇಧವಿತ್ತು. ಕೊನೆಯ ರಾಜ್ಯ ಅದನ್ನು ತೆಗೆದುಹಾಕಿದ್ದು 1980ರಲ್ಲಿ.

ನಮ್ಮ ದೇಶದ ಕಥೆಯೂ ದೂರದ್ದಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗುವ ಕಾರಣಗಳ ಪಟ್ಟಿಯಿಂದ ಮೂರ್ಛೆರೋಗವನ್ನು ತೆಗೆದದ್ದು 1999ರಲ್ಲಿ. ಕಾನೂನು ಬದಲಾದರೂ ಅಂಜಿಕೆ ಉಳಿದಿದೆ. ಗಂಡನ ಮನೆಯಲ್ಲಿ ಮುಚ್ಚಿಟ್ಟ ಕಾಯಿಲೆಯನ್ನು ಹೆರಿಗೆ ವೈದ್ಯರ ಮುಂದೆಯೂ ಮುಚ್ಚಿಡುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ವೈದ್ಯರಿಗೆ ಗೊತ್ತಿಲ್ಲದ ಕಾಯಿಲೆಯೇ ಹೆರಿಗೆ ಕೋಣೆಯಲ್ಲಿ ಹೆಚ್ಚು ಅಪಾಯಕಾರಿ.

ಐವತ್ತರಲ್ಲಿ ಮತ್ತೆ ವಿದ್ಯಾರ್ಥಿನಿ

ತಮ್ಮ ಕೈಯಲ್ಲಿದ್ದ ಅಂಕಿಅಂಶಗಳನ್ನು ಸರಿಯಾಗಿ ಅರ್ಥಮಾಡಿಕೊಳ್ಳಲು ಸಂಖ್ಯಾಶಾಸ್ತ್ರ ಇನ್ನಷ್ಟು ಬೇಕು ಎನಿಸಿದಾಗ ಅಪ್ಗಾರ್ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಸೇರಿದರು. 1959ರಲ್ಲಿ, 50ನೇ ವಯಸ್ಸಿನಲ್ಲಿ, ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅದೇ ವರ್ಷ ಮಾರ್ಚ್ ಆಫ್ ಡೈಮ್ಸ್ ಸಂಸ್ಥೆಗೆ ಬಂದರು. ಪೋಲಿಯೊ ವಿರುದ್ಧ ಹೋರಾಡಲು 1938ರಲ್ಲಿ ಹುಟ್ಟಿದ ಆ ಸಂಸ್ಥೆ, ಪೋಲಿಯೊ ಲಸಿಕೆ ಬಂದ ಮೇಲೆ ಹುಟ್ಟುದೋಷಗಳ ಕಡೆ ತಿರುಗಿತ್ತು. ಆ ವಿಭಾಗದ ನೇತೃತ್ವ ಅಪ್ಗಾರ್ ಅವರದಾಯಿತು.

ಎರಡು ಘಟನೆಗಳು ಆ ಕೆಲಸದ ತುರ್ತನ್ನು ಜಗತ್ತಿಗೆ ತೋರಿಸಿದವು. ಗರ್ಭಿಣಿಯರ ವಾಕರಿಕೆಗೂ ಕೊಡುತ್ತಿದ್ದ ಥಾಲಿಡೊಮೈಡ್ ಎಂಬ ಮಾತ್ರೆಯಿಂದ ಯುರೋಪಿನಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದು 1961ರ ಕೊನೆಯಲ್ಲಿ ಬಯಲಾಯಿತು. 1964–65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹರಡಿ, ಸುಮಾರು 20,000 ಮಕ್ಕಳು ಕಿವುಡು, ಕಣ್ಣಿನ ಪೊರೆ, ಹೃದಯದ ತೊಂದರೆಗಳೊಂದಿಗೆ ಹುಟ್ಟಿದರು. ಅಪ್ಗಾರ್ ಊರೂರು ಸುತ್ತಿ ರುಬೆಲ್ಲಾ ಲಸಿಕೆಯ ಪರ ಮಾತಾಡಿದರು. ಹುಟ್ಟುದೋಷ ಎಂದರೆ ಮನೆಯವರು ಮುಚ್ಚಿಡುತ್ತಿದ್ದ ಕಾಲದಲ್ಲಿ, ಅದು ಶಾಪವಲ್ಲ, ಕಾರಣ ಹುಡುಕಬಹುದಾದ ವೈದ್ಯಕೀಯ ಸಂಗತಿ ಎಂದು ಸಾಮಾನ್ಯ ತಾಯಿತಂದೆಯರಿಗೆ ತಿಳಿಹೇಳಿದರು.

ಮೂರ್ಛೆರೋಗದ ಔಷಧಗಳ ಬಗ್ಗೆಯೂ ಎಚ್ಚರಿಕೆ ಬಂದದ್ದು ಅದೇ ದಶಕದಲ್ಲಿ. 1968ರಲ್ಲಿ ಬ್ರಿಟನ್ನಿನ ಲ್ಯಾನ್ಸೆಟ್ ಪತ್ರಿಕೆಗೆ ವೈದ್ಯರೊಬ್ಬರು ಬರೆದ ಪತ್ರ, ಈ ಮಾತ್ರೆ ತೆಗೆದುಕೊಂಡ ತಾಯಂದಿರ ಕೆಲವು ಮಕ್ಕಳಲ್ಲಿ ಸೀಳುತುಟಿ ಕಂಡುಬಂದದ್ದನ್ನು ಹೇಳಿತು. ಕಾರಣ ಕಾಯಿಲೆಯೋ, ಮಾತ್ರೆಯೋ, ಯಾವ ಮಾತ್ರೆಯೋ ಎಂದು ತಿಳಿಯಲು ಸಾವಿರಾರು ಹೆರಿಗೆಗಳ ಲೆಕ್ಕ ಬೇಕಿತ್ತು.

ಬಿಡುವಿನಲ್ಲಿ ಅಪ್ಗಾರ್ ವಯೋಲ, ಚೆಲ್ಲೊ ನುಡಿಸುತ್ತಿದ್ದರು. ತಾವೇ ವಾದ್ಯ ಮಾಡುವುದನ್ನೂ ಕಲಿತರು. ಆಸ್ಪತ್ರೆಯ ಟೆಲಿಫೋನ್ ಬೂತಿನ ಹಲಗೆ ಒಳ್ಳೆಯ ಮೇಪಲ್ ಮರದ್ದು ಎಂದು ಗೊತ್ತಾಗಿ, ಗೆಳತಿಯ ಜತೆ ರಾತ್ರಿ ಹೋಗಿ ಅದನ್ನು ಬಿಚ್ಚಿ, ಬೇರೆ ಹಲಗೆ ಕೂರಿಸಿ ತಂದ ಕಥೆ ಪ್ರಸಿದ್ಧ. ಆ ಹಲಗೆ ವಯೋಲದ ಬೆನ್ನಾಯಿತು. ಎಲ್ಲಿ ಯಾರ ಉಸಿರು ನಿಂತರೂ ಬೇಕಾಗಬಹುದು ಎಂದು ಉಸಿರಾಟದ ನಳಿಕೆಯನ್ನು ಸದಾ ಚೀಲದಲ್ಲೇ ಇಟ್ಟುಕೊಳ್ಳುತ್ತಿದ್ದರು. ಮದುವೆಯಾಗಲಿಲ್ಲ. 1972ರಲ್ಲಿ ಹುಟ್ಟುದೋಷಗಳ ಬಗ್ಗೆ ತಾಯಿತಂದೆಯರಿಗಾಗಿ ಒಂದು ಪುಸ್ತಕವನ್ನು ಇನ್ನೊಬ್ಬರೊಡನೆ ಸೇರಿ ಬರೆದರು. 1974ರ ಆಗಸ್ಟ್ 7ರಂದು ಯಕೃತ್ತಿನ ಕಾಯಿಲೆಯಿಂದ, ಮೂರು ದಶಕಗಳ ನಂಟಿದ್ದ ಕೊಲಂಬಿಯಾದ ಆಸ್ಪತ್ರೆಯಲ್ಲೇ ತೀರಿಕೊಂಡರು. ಆಗ ಅವರಿಗೆ 65 ವರ್ಷ. 1994ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಹೆಸರಿನಲ್ಲಿ 20 ಸೆಂಟಿನ ಅಂಚೆಚೀಟಿ ತಂದಿತು.

ಅವರ ನಂತರ ಲೆಕ್ಕ ಹೇಳಿದ್ದೇನು?

1982ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಹುಟ್ಟುದೋಷಗಳ ದಾಖಲೆ ನೋಡುತ್ತಿದ್ದವರಿಗೆ, ವಾಲ್ಪ್ರೊಯೇಟ್ ಎಂಬ ಮೂರ್ಛೆರೋಗದ ಔಷಧ ಪಡೆದ ತಾಯಂದಿರ ಮಕ್ಕಳಲ್ಲಿ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ದೋಷ ಹೆಚ್ಚಾಗಿರುವುದು ಕಂಡಿತು. 1990ರ ದಶಕದ ಕೊನೆಯ ಹೊತ್ತಿಗೆ ಹಲವು ದೇಶಗಳಲ್ಲಿ ಇಂಥ ಗರ್ಭಿಣಿಯರ ದಾಖಲಾತಿ ಶುರುವಾಯಿತು. ನಮ್ಮ ದೇಶದಲ್ಲಿ 1998ರಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಕೇರಳದ ದಾಖಲಾತಿ ಆರಂಭವಾಯಿತು.

ಈ ಲೆಕ್ಕಗಳಿಂದ ಇಂದು ಸ್ಪಷ್ಟವಾಗಿರುವುದು ಇಷ್ಟು. ಮೂರ್ಛೆರೋಗ ಇರುವ ಹೆಚ್ಚಿನ ತಾಯಂದಿರು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ. ಯಾವುದೇ ಕಾಯಿಲೆ ಇಲ್ಲದ ತಾಯಂದಿರಲ್ಲೂ 100 ಮಕ್ಕಳಲ್ಲಿ 2ರಿಂದ 3 ಮಕ್ಕಳಿಗೆ ದೊಡ್ಡ ಹುಟ್ಟುದೋಷ ಇರಬಹುದು. ಲ್ಯಾಮೊಟ್ರಿಜಿನ್, ಲೆವೆಟಿರಾಸೆಟಮ್ ಎಂಬ ಔಷಧಗಳಲ್ಲಿ ಈ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ವಾಲ್ಪ್ರೊಯೇಟ್‌ನಲ್ಲಿ ಸುಮಾರು 10. ಡೋಸ್ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಮಗುವಿನ ಬುದ್ಧಿ, ಮಾತಿನ ಬೆಳವಣಿಗೆಗೂ ಅದು ತೊಂದರೆ ಕೊಡಬಲ್ಲದು.

ಅಪ್ಗಾರ್ ಅಂಕಗಳೂ ಈ ಲೆಕ್ಕದಲ್ಲಿ ಬಂದಿವೆ. ಸ್ವೀಡನ್ನಿನಲ್ಲಿ 14 ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರ್ಛೆರೋಗ ಇರುವ ತಾಯಂದಿರ ಮಕ್ಕಳಿಗೆ ಐದನೇ ನಿಮಿಷದಲ್ಲಿ ಕಡಿಮೆ ಅಂಕ ಬರುವ ಸಾಧ್ಯತೆ ಇತರರಿಗಿಂತ ಸ್ವಲ್ಪ ಹೆಚ್ಚಿತ್ತು. ಆದರೆ ಮೂರ್ಛೆರೋಗ ಇದ್ದವರಲ್ಲೇ ಮಾತ್ರೆ ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ಹೋಲಿಸಿದಾಗ, ಮಾತ್ರೆಯಿಂದ ಹೆರಿಗೆಯ ತೊಡಕುಗಳು ಹೆಚ್ಚಾದದ್ದು ಕಾಣಲಿಲ್ಲ. ಔಷಧ ಕೊಟ್ಟು ಹೆರಿಗೆ ನೋವು ಬರಿಸಬೇಕಾದ ಸಂದರ್ಭ ಮಾತ್ರ ಹೆಚ್ಚಿತ್ತು. ಅಂಥ ಹೆರಿಗೆ ನವಜಾತ ಶಿಶುವನ್ನು ನೋಡಿಕೊಳ್ಳುವ ವ್ಯವಸ್ಥೆ ಇರುವ ಆಸ್ಪತ್ರೆಯಲ್ಲಿ ಆಗಬೇಕು ಎನ್ನುವುದು ಇದರಿಂದ ಕಲಿಯಬೇಕಾದ ಪಾಠ.

ಕಡಿಮೆ ಅಂಕ ಬಂದ ಮಗುವಿನ ಭವಿಷ್ಯ ಮುಗಿಯಿತು ಎಂದೂ ಅಲ್ಲ. ಆ ಕ್ಷಣಕ್ಕೆ ಮಗುವಿಗೆ ಎಷ್ಟು ಸಹಾಯ ಬೇಕಿತ್ತು, ಕೊಟ್ಟ ಸಹಾಯಕ್ಕೆ ಅದು ಹೇಗೆ ಸ್ಪಂದಿಸಿತು ಎಂಬುದನ್ನಷ್ಟೇ ಈ ಅಂಕ ಹೇಳುತ್ತದೆ. ಮುಂದೆ ಮಗು ಎಷ್ಟು ಜಾಣನಾಗುತ್ತದೆ ಎಂದು ಹೇಳಲು ಅದನ್ನು ಮಾಡಿದ್ದೂ ಅಲ್ಲ, ಅದಕ್ಕೆ ಆ ಶಕ್ತಿಯೂ ಇಲ್ಲ.

ನೀವು ಏನು ಮಾಡಬೇಕು?

• ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದು ವಾಲ್ಪ್ರೊಯೇಟ್ ಆಗಿದ್ದರೂ ಸಹ. ಥಟ್ಟನೆ ನಿಲ್ಲಿಸಿದರೆ ಬಿಡದೆ ಬರುವ ಫಿಟ್ಸ್ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಆದಷ್ಟು ಬೇಗ ನರರೋಗ ತಜ್ಞರನ್ನು ಕಾಣಿ. ಬದಲಿಸಬೇಕಿದ್ದರೆ ಅವರೇ ಹಂತಹಂತವಾಗಿ ಬದಲಿಸುತ್ತಾರೆ.
• ಮಗು ಬೇಕೆಂದು ಯೋಚಿಸಿದ ದಿನವೇ ವೈದ್ಯರಿಗೆ ಹೇಳಿ. ಮಗುವಿನ ಅಂಗಾಂಗ ರೂಪುಗೊಳ್ಳುವುದು ಮೊದಲ ಕೆಲವು ವಾರಗಳಲ್ಲಿ. ಔಷಧ ಬದಲಿಸಲು, ಫೋಲಿಕ್ ಆಸಿಡ್ ಶುರು ಮಾಡಲು ಗರ್ಭ ನಿಲ್ಲುವ ಮೊದಲೇ ಸಮಯ ಬೇಕು.
• ಗರ್ಭಿಣಿಯಾದಾಗ ಕೆಲವು ಔಷಧಗಳ ಮಟ್ಟ, ಮುಖ್ಯವಾಗಿ ಲ್ಯಾಮೊಟ್ರಿಜಿನ್‌ನದು, ರಕ್ತದಲ್ಲಿ ಇಳಿಯುತ್ತದೆ. ಡೋಸ್ ಹೆಚ್ಚಿಸಿದರೆ ಗಾಬರಿ ಬೇಡ.
• ಹೆರಿಗೆಗೆ ತವರಿಗೆ ಹೋಗುವವರು ಫೈಲ್, ಚೀಟಿ ಮತ್ತು ಕನಿಷ್ಠ ಒಂದೆರಡು ತಿಂಗಳಿಗಾಗುವಷ್ಟು ಮಾತ್ರೆ ಜತೆಗೆ ಒಯ್ಯಿರಿ. ಅಲ್ಲಿನ ಹೆರಿಗೆ ವೈದ್ಯರಿಗೆ ಫಿಟ್ಸ್ ಇರುವುದನ್ನು ಮೊದಲ ಭೇಟಿಯಲ್ಲೇ ಹೇಳಿ. ಮುಂಬೈಯಲ್ಲೋ ದೆಹಲಿಯಲ್ಲೋ ನೋಡುತ್ತಿದ್ದ ತಜ್ಞರ ಫೋನ್ ನಂಬರ್ ಅವರಿಗೆ ಕೊಡಿ.
• ಹಿಂದೆ ಎಂದೂ ಫಿಟ್ಸ್ ಇಲ್ಲದವರಿಗೆ ಐದು ತಿಂಗಳ ನಂತರ ಮೊದಲ ಬಾರಿ ಫಿಟ್ಸ್ ಬಂದರೆ ಅದು ರಕ್ತದೊತ್ತಡ ಏರಿ ಬರುವ ಎಕ್ಲಾಂಪ್ಸಿಯಾ ಇರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ.
• ಬಾಣಂತನದಲ್ಲಿ ನಿದ್ದೆಗೆಟ್ಟರೆ ಫಿಟ್ಸ್ ಮರುಕಳಿಸಬಹುದು. ರಾತ್ರಿ ಮಗುವನ್ನು ನೋಡಿಕೊಳ್ಳಲು ಮನೆಯವರು ಹೆಗಲು ಕೊಡಲಿ. ನೆಲದ ಮೇಲೆ ಕುಳಿತು ಹಾಲೂಡಿಸಿ. ಒಬ್ಬರೇ ಇದ್ದಾಗ ಮಗುವಿಗೆ ಸ್ನಾನ ಮಾಡಿಸಬೇಡಿ. ಮಾತ್ರೆ ತೆಗೆದುಕೊಳ್ಳುವ ಹೆಚ್ಚಿನ ತಾಯಂದಿರು ಎದೆಹಾಲು ಕೊಡಬಹುದು. ನಿಮ್ಮ ಔಷಧದ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಿ.

ಈ ಲೇಖನ ನಿಮ್ಮ ವೈದ್ಯರ ಸಲಹೆಯ ಜಾಗ ತುಂಬುವುದಿಲ್ಲ. ಅವರ ಬಳಿ ಹೋಗಲು ಧೈರ್ಯ ಕೊಟ್ಟರೆ ಸಾಕು. ಹೆರಿಗೆ ಕೋಣೆಯಲ್ಲಿ ನಿಮ್ಮ ಮಗುವಿಗೆ ಒಂದು ನಿಮಿಷ ತುಂಬಿದಾಗ ಒಬ್ಬರು ಅದರ ಮುಂದೆ ನಿಂತು, ಬಣ್ಣ, ಬಡಿತ, ಉಸಿರು ನೋಡಿ ಅಂಕಿ ಬರೆಯುತ್ತಾರೆ. ಅಷ್ಟು ಹೊತ್ತಿಗೆ ನಿಮ್ಮ ಕಾಯಿಲೆ, ನಿಮ್ಮ ಮಾತ್ರೆ ಎರಡೂ ಅವರಿಗೆ ಗೊತ್ತಿರಲಿ. ಮಗುವಿಗೆ ಬೇಕಾದ ಸಹಾಯ ಆಗ ತಡವಾಗುವುದಿಲ್ಲ.